ಫೋಟೋಗೆ ಫ್ರ್ಯಾಕ್ಟಲ್ ನೆರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಪಡಸಾಲೆಯ ಗೋಡೆ ಮೇಲೆ ಒಂದು ಕೆಂಪು ದಾಸವಾಳದ ಚಿತ್ರ ಇದೆ. ನಡುವೆ ಹೂವು ಹೆಚ್ಚು ಕಡಿಮೆ ಇದ್ದ ಹಾಗೇ ಇದೆ. ಅದರ ಎಡಗಡೆ ಎಸಳು ಮಾತ್ರ ಹಿಗ್ಗಿಕೊಂಡು ಹೋಗಿ ಇನ್ನೊಂದು ದಾಸವಾಳಕ್ಕೆ ಅಂಟಿಕೊಂಡಿದೆ. ಆ ಎರಡನೇ ಹೂವು ತಲೆಕೆಳಗು. ಪಕ್ಕದಲ್ಲಿ, ಮೇಲೆ, ಕೆಳಗೆ ಅದೇ ಹೂವಿನ ಮರಿಗಳು. ಮನೆಗೆ ಬಂದವರು "ಪೇಂಟಿಂಗಾ?" ಅಂತ ಕೇಳುತ್ತಾರೆ. ಅಲ್ಲ, ಹಿತ್ತಲಲ್ಲಿ ಫೋನಿನಿಂದ ತೆಗೆದ ಒಂದೇ ಫೋಟೋ, ಅದನ್ನೇ ಫ್ರ್ಯಾಕ್ಟಲ್ ಸೂತ್ರದಿಂದ ಮಡಚಿದ್ದು ಅಂದರೆ ನಂಬುವುದಿಲ್ಲ. ಆಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ವರ್ಷಗಳಿಂದ ಕೇಳಿಸಿಕೊಂಡ ಆ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಬರೆದಿಟ್ಟಿದ್ದೇನೆ.

ಮೊದಲಿಗೆ, ಫ್ರ್ಯಾಕ್ಟಲ್ ಅಂದ್ರೆ ಏನು?

ಒಂದು ಆಕಾರದ ತುಣುಕನ್ನು ಹತ್ತಿರದಿಂದ ನೋಡಿದರೆ ಅದರಲ್ಲೂ ಇಡೀ ಆಕಾರದ್ದೇ ಹೋಲಿಕೆ ಕಾಣುತ್ತದೆ. ಆ ತುಣುಕಿನ ತುಣುಕಿನಲ್ಲೂ ಅದೇ. ಹೂಕೋಸನ್ನು ಬಿಡಿಸುವಾಗ ಗಮನಿಸಿ. ಕೈಗೆ ಬಂದ ಒಂದು ಹೂವು ಪುಟ್ಟ ಹೂಕೋಸಿನ ಹಾಗೇ ಇರುತ್ತದೆ, ಅಲ್ವಾ? ಮಲೆನಾಡಿನ ಜರಿಗಿಡದ ಎಲೆಯೂ ಹಾಗೆಯೇ.

ಈ ಹೆಸರು ಕೊಟ್ಟವರು ಬೆನ್ವಾ ಮ್ಯಾಂಡೆಲ್‌ಬ್ರಾಟ್, 1975ರಲ್ಲಿ. ಲ್ಯಾಟಿನ್ ಭಾಷೆಯಲ್ಲಿ ಮುರಿದದ್ದು ಅನ್ನುವ ಅರ್ಥದ ಪದದಿಂದ ಅದನ್ನು ಕಟ್ಟಿದರು. ಅವರು ಐಬಿಎಂ ಕಂಪನಿಯಲ್ಲಿದ್ದರು. ಇವತ್ತು ಮ್ಯಾಂಡೆಲ್‌ಬ್ರಾಟ್ ಸೆಟ್ ಅಂತ ಕರೆಯುವ ಆಕಾರದ ಚಿತ್ರಗಳನ್ನು ಅವರು 1980ರಲ್ಲಿ ಅಲ್ಲಿನ ಕಂಪ್ಯೂಟರಿನಿಂದ ತೆಗೆದರು. ಆದರೆ ಅದರ ಬೇರು ಇನ್ನೂ ಹಳೆಯದು. ಮೊದಲ ಮಹಾಯುದ್ಧದ ಹೊತ್ತಿಗೇ ಗಾಸ್ಟನ್ ಜೂಲಿಯಾ, ಪಿಯರ್ ಫಾತೂ ಅನ್ನುವ ಇಬ್ಬರು ಫ್ರೆಂಚ್ ಗಣಿತಜ್ಞರು ಈ ಲೆಕ್ಕವನ್ನು ಕಂಪ್ಯೂಟರ್ ಇಲ್ಲದೆ ಮಾಡಿದ್ದರು. ತಾವು ಬರೆಯುತ್ತಿದ್ದ ಆಕಾರ ಎಷ್ಟು ಚೆಂದ ಇದೆ ಅಂತ ಪರದೆ ಮೇಲೆ ನೋಡುವ ಯೋಗ ಅವರಿಗಿರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಂಕಟ ಆಗುತ್ತದೆ.

ನಮ್ಮ ಕಡೆಯವರು ಗದಗದ ಹತ್ತಿರ ಲಕ್ಕುಂಡಿಗೆ ಹೋದಾಗ ಕಾಶಿ ವಿಶ್ವೇಶ್ವರ ಗುಡಿಯ ಹೊರಗೋಡೆ ನೋಡಿ. ಗೋಡೆ ತುಂಬ ಪುಟ್ಟ ಪುಟ್ಟ ಶಿಖರಗಳನ್ನು ಕೆತ್ತಿದ್ದಾರೆ. ದೊಡ್ಡ ಗುಡಿಯ ಮೈಮೇಲೆ ಸಣ್ಣ ಗುಡಿಗಳು. ಕಣ್ಣಿಗೆ ಈ ಆಟ ಹೊಸದಲ್ಲ.

ಫೋಟೋ ಮೇಲೆ ಫ್ರ್ಯಾಕ್ಟಲ್ ಚಿತ್ರ ಅಂಟಿಸೋದು ತಾನೇ?

ಅಲ್ಲ. ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. ಬಣ್ಣಬಣ್ಣದ ಸುರುಳಿಯನ್ನು ಫೋಟೋ ಮೇಲೆ ಇಟ್ಟು ಸ್ವಲ್ಪ ಪಾರದರ್ಶಕ ಮಾಡಿದರೆ ಅದು ಸುಮ್ನೆ ಎರಡು ಚಿತ್ರ ಒಂದರ ಮೇಲೊಂದು. ನಾನು ಹೇಳುತ್ತಿರುವುದರಲ್ಲಿ ಫ್ರ್ಯಾಕ್ಟಲ್‌ಗೆ ತನ್ನದೇ ಬಣ್ಣ ಇಲ್ಲ. ಬಣ್ಣವೆಲ್ಲ ಫೋಟೋದ್ದು, ಮಡಿಕೆ ಮಾತ್ರ ಫ್ರ್ಯಾಕ್ಟಲ್‌ನದ್ದು.

ಸೀರೆಯ ನೆರಿಗೆ ನೆನಪಿಸಿಕೊಳ್ಳಿ. ಬಟ್ಟೆ ಅದೇ, ಅಂಚು ಅದೇ. ಮಡಚಿದ ರೀತಿಯಿಂದ ಅಂಚಿನ ಗೆರೆ ಹತ್ತು ಸಲ ಮೇಲೆ ಕೆಳಗೆ ಆಡುತ್ತದೆ. ಇಲ್ಲೂ ಹಾಗೆಯೇ. ಹೊಸ ಚಿತ್ರದ ಒಂದೊಂದು ಚುಕ್ಕಿಯೂ "ನಾನು ಹಳೇ ಫೋಟೋದ ಯಾವ ಜಾಗದಿಂದ ಬಣ್ಣ ತರಲಿ?" ಅಂತ ಕೇಳುತ್ತದೆ. ಸೂತ್ರ ಒಂದು ಜಾಗ ತೋರಿಸುತ್ತದೆ. ಚುಕ್ಕಿ ಅಲ್ಲಿಂದ ಬಣ್ಣ ತಂದು ಕೂರುತ್ತದೆ. ಇಷ್ಟೇ ಕೆಲಸ, ಆದರೆ ಲಕ್ಷಾಂತರ ಚುಕ್ಕಿಗಳಿಗೆ.

ಇದಕ್ಕೆ ಗಣಿತ ಬರಬೇಕಾ?

ಬರದಿದ್ದರೂ ನಡೆಯುತ್ತದೆ. ಆದರೆ ಒಂದೇ ಒಂದು ವಿಷಯ ತಿಳಿದುಕೊಂಡರೆ ಕತ್ತಲಲ್ಲಿ ಕೈಯಾಡಿಸುವುದು ತಪ್ಪುತ್ತದೆ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸೂತ್ರ ಇಷ್ಟು: ಒಂದು ಬಿಂದು ತೆಗೆದುಕೋ, ಅದನ್ನು ಅದರಿಂದಲೇ ಗುಣಿಸು, ಒಂದು ಸಂಖ್ಯೆ ಕೂಡಿಸು, ಬಂದ ಉತ್ತರಕ್ಕೆ ಮತ್ತೆ ಅದನ್ನೇ ಮಾಡು. ಇಲ್ಲಿ ಬಿಂದು ಅಂದರೆ ಫಸ್ಟ್ ಪಿಯುಸಿಯಲ್ಲಿ ಬರುವ ಸಂಕೀರ್ಣ ಸಂಖ್ಯೆ. ಅದನ್ನು ಹೀಗೆ ಗುಣಿಸಿದಾಗ ಎರಡು ಸಂಗತಿ ನಡೆಯುತ್ತದೆ. ನಡುಬಿಂದುವಿನಿಂದ ಇರುವ ದೂರ ವರ್ಗವಾಗುತ್ತದೆ, ಕೋನ ಎರಡರಷ್ಟಾಗುತ್ತದೆ. 30 ಡಿಗ್ರಿಯಲ್ಲಿ ಅರ್ಧ ಅಳತೆ ದೂರದಲ್ಲಿದ್ದ ಬಿಂದು 60 ಡಿಗ್ರಿಗೆ, ಕಾಲು ಅಳತೆ ದೂರಕ್ಕೆ ಹೋಗುತ್ತದೆ. ಈಗ ಅದರ ನೇರ ಎದುರಿಗೆ, 210 ಡಿಗ್ರಿಯಲ್ಲಿದ್ದ ಬಿಂದು ಎಲ್ಲಿಗೆ ಹೋಗುತ್ತದೆ? 420 ಡಿಗ್ರಿ. ಅಂದರೆ ಒಂದು ಸುತ್ತು ಹೊಡೆದು ಮತ್ತೆ 60ಕ್ಕೇ. ಎರಡು ಚುಕ್ಕಿಗಳು ಒಂದೇ ಜಾಗದ ಬಣ್ಣ ತಂದವು. ಫೋಟೋದ ವಸ್ತು ಎರಡು ಕಡೆ ಕಾಣಿಸುವುದು ಇದರಿಂದಲೇ. ಇದನ್ನೇ ಮತ್ತೊಮ್ಮೆ ಮಾಡಿದರೆ ನಾಲ್ಕು ಕಡೆ, ಮೂರನೇ ಸಲಕ್ಕೆ ಎಂಟು ಕಡೆ.

ಇನ್ನೊಂದು ಒಳ್ಳೇ ಗುಣ ಇದೆ. ಈ ಮಡಿಕೆಯಲ್ಲಿ ಸಣ್ಣ ಆಕಾರಗಳು ಕೆಡುವುದಿಲ್ಲ. ತಿರುಗುತ್ತವೆ, ಚಿಕ್ಕವಾಗುತ್ತವೆ, ದೊಡ್ಡವಾಗುತ್ತವೆ, ಆದರೆ ಕೋನಗಳು ಹಾಗೇ ಉಳಿಯುತ್ತವೆ. ಅದಕ್ಕೇ ಎಸಳು ಎಸಳಾಗಿಯೇ ಕಾಣುತ್ತದೆ. ಕೆಲವೇ ಕೆಲವು ಬಿಂದುಗಳಲ್ಲಿ ಮಾತ್ರ ಈ ನಿಯಮ ಮುರಿಯುತ್ತದೆ. ಚಿತ್ರದಲ್ಲಿ ಒಂದು ವಸ್ತು ಕರಗಿ ಎರಡಾಗುವ ಜಾಗಗಳು ಅವೇ. ನನಗೆ ಬಹಳ ಇಷ್ಟವಾದ ಜಾಗಗಳೂ ಅವೇ.

ಯಾವ ಸಾಫ್ಟ್‌ವೇರ್ ಬೇಕು? ದುಡ್ಡು ಕೊಡಬೇಕಾ?

ಬೇಡ. ಗಿಂಪ್ ಸಾಕು. ಅದು ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ಫಿಲ್ಟರ್ಸ್ ಮೆನುವಿನಲ್ಲಿ ಮ್ಯಾಪ್, ಅದರೊಳಗೆ ಫ್ರ್ಯಾಕ್ಟಲ್ ಟ್ರೇಸ್. ನಾವು ಮಾತಾಡುತ್ತಿರುವ ಕೆಲಸಕ್ಕೆಂದೇ ಮಾಡಿದ ಫಿಲ್ಟರ್ ಅದು. 2025ರ ಮಾರ್ಚಿನಲ್ಲಿ ಬಂದ ಗಿಂಪ್ 3.0ದಲ್ಲಿ ಒಂದು ಅನುಕೂಲ ಸೇರಿತು. ಹಾಕಿದ ಫಿಲ್ಟರ್ ಲೇಯರಿನ ಮೇಲೆ ಹಾಗೇ ಕೂತಿರುತ್ತದೆ, ಬೇಕೆಂದಾಗ ತೆರೆದು ಸಂಖ್ಯೆ ಬದಲಿಸಬಹುದು. ಮೊದಲು ಅನ್‌ಡೂ ಮಾಡಿ ಮಾಡಿ ಕೈ ಸೋಲುತ್ತಿತ್ತು.

ಜೊತೆಗೆ ಗಿಂಪ್‌ಗೆ ಇನ್ನಷ್ಟು ಫಿಲ್ಟರ್ ಸೇರಿಸುವ ಜಿಮಿಕ್ ಅನ್ನುವ ಪ್ಲಗಿನ್ ಹಾಕಿಕೊಳ್ಳಿ, ಅದೂ ಉಚಿತ. ಫ್ರಾನ್ಸಿನ ಕಾನ್ ಊರಿನ ಒಂದು ಸಂಶೋಧನಾ ಲ್ಯಾಬ್‌ನಲ್ಲಿ ಹುಟ್ಟಿದ್ದು. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಕ್ರೀಟಾದಲ್ಲೂ ಅದು ಸಿಗುತ್ತದೆ. ದುಡ್ಡು ಕೊಟ್ಟು ಕೊಳ್ಳುವುದರಲ್ಲಿ ಅಲ್ಟ್ರಾ ಫ್ರ್ಯಾಕ್ಟಲ್ ಇದೆ, ಅದರೊಳಗೂ ಫೋಟೋ ತಂದು ಬಳಸಬಹುದು. ಹೊಸಬರಿಗೆ ಅದು ಬೇಡ.

ಮೊದಲ ಚಿತ್ರ ಹೇಗೆ ಮಾಡಲಿ? ಒಂದೊಂದೇ ಹೆಜ್ಜೆ ಹೇಳಿ.

ಗೋಡೆ ಮೇಲಿನ ಆ ದಾಸವಾಳವನ್ನೇ ಮಾಡೋಣ.

ಫೋಟೋದಲ್ಲಿ ಒಂದೇ ಹೂವು ಇರಲಿ, ಹಿಂದೆ ಹಸಿರು ಮಸುಕಾಗಿರಲಿ. ಫೋನಿನ ಫೋಟೋ ಸಾಮಾನ್ಯವಾಗಿ 4000 ಅಗಲ, 3000 ಎತ್ತರ ಇರುತ್ತದೆ. ಅದನ್ನು 3:2 ಅಳತೆಗೆ ಕ್ರಾಪ್ ಮಾಡಿ. ಹೂವಿನ ನಡುಭಾಗ ಚಿತ್ರದ ಸರಿಯಾಗಿ ಮಧ್ಯಕ್ಕೆ ಬರಬೇಕು. ಹೂವು ಚಿತ್ರದ ಅಗಲದ ಕಾಲು ಭಾಗದಷ್ಟಿದ್ದರೆ ಸಾಕು. ದೊಡ್ಡದಾದರೆ ಮರಿಗಳು ಒಂದರ ಮೇಲೊಂದು ಬೀಳುತ್ತವೆ.

ಈಗ ಫ್ರ್ಯಾಕ್ಟಲ್ ಟ್ರೇಸ್ ತೆರೆಯಿರಿ. ಬಗೆ ಮ್ಯಾಂಡೆಲ್‌ಬ್ರಾಟ್ ಇರಲಿ. ಅಲ್ಲಿ ನಾಲ್ಕು ಸಂಖ್ಯೆಗಳು ಕಾಣುತ್ತವೆ. ಮೊದಲೇ ತುಂಬಿರುವ ಸಂಖ್ಯೆಗಳನ್ನು ಅಳಿಸಿ. ಅಡ್ಡಕ್ಕೆ, ಅಂದರೆ ಎಕ್ಸ್‌ಗೆ, −1.5 ಮತ್ತು 1.5. ಉದ್ದಕ್ಕೆ, ಅಂದರೆ ವೈಗೆ, −1 ಮತ್ತು 1. ಹೀಗೆ ಯಾಕೆ? ಫೋಟೋ 3:2, ಈ ನಾಲ್ಕು ಸಂಖ್ಯೆಗಳು ಕಟ್ಟುವ ಕಿಟಕಿಯೂ 3:2. ಎರಡರ ಅಳತೆ ಹೊಂದದಿದ್ದರೆ ಆಕಾರ ಉಳಿಯುವ ಆ ಒಳ್ಳೇ ಗುಣ ಹೋಗಿಬಿಡುತ್ತದೆ. ತಿರುಗಿದ ಹೂವು ಚಪ್ಪಟೆಯಾಗುತ್ತದೆ. ಡೆಪ್ತ್ 3. ಸೂತ್ರ ಎಷ್ಟು ಸಲ ಓಡಬೇಕು ಅನ್ನುವುದೇ ಡೆಪ್ತ್. ಅಬಿಸ್ ಪಾಲಿಸಿ ಅನ್ನುವ ಕಡೆ ಸದ್ಯಕ್ಕೆ ಕಪ್ಪು ಆರಿಸಿ. ಸೂತ್ರ ಫೋಟೋದ ಹೊರಗಿನ ಜಾಗ ತೋರಿಸಿದಾಗ ಏನು ತುಂಬಬೇಕು ಅನ್ನುವುದನ್ನು ಅದು ಹೇಳುತ್ತದೆ.

ಏನಾಯಿತು ನೋಡಿ. ನಡುವಿನ ಹೂವು ತನ್ನ ಜಾಗದಲ್ಲೇ ಇದೆ, ಗಾತ್ರವೂ ಅದೇ. ಅದರ ಬಲ ಎಸಳು ಸ್ವಲ್ಪ ಒತ್ತಿಕೊಂಡಿದೆ, ಎಡ ಎಸಳು ಹಿಗ್ಗಿದೆ. ಎಡ ಅಂಚಿನಿಂದ ಅಗಲದ ಆರನೇ ಒಂದು ಭಾಗ ಒಳಗೆ ಬನ್ನಿ. ಅಲ್ಲಿ ಅಷ್ಟೇ ಗಾತ್ರದ ಎರಡನೇ ಹೂವು, ತಲೆಕೆಳಗಾಗಿ. ಎರಡೂ ತಮ್ಮ ಎಡ ಎಸಳಿನಲ್ಲಿ ಒಂದನ್ನೊಂದು ಹಿಡಿದುಕೊಂಡಿವೆ. ಇನ್ನೂ ಎಡಕ್ಕೆ ಒಂದು ಚಿಕ್ಕ ಹೂವು, ನೆಟ್ಟಗೆ. ನಡುವಿನ ಹೂವಿನ ಬಲಕ್ಕೆ ತುಸು ಸರಿದು ಮೇಲೊಂದು ಕೆಳಗೊಂದು ಮರಿ, ಸುಮಾರು ಮೂರೂವರೆ ಪಟ್ಟು ಚಿಕ್ಕವು. ಎಣಿಸಿದರೆ ಐದು. ಡೆಪ್ತ್ 3 ಅಂದರೆ ಎಂಟು ಇರಬೇಕಲ್ಲ? ಉಳಿದ ಮೂರರ ನಡುಭಾಗ ಚೌಕಟ್ಟಿನ ಹೊರಗೆ ಬಿದ್ದಿದೆ. ಎರಡರ ಎಸಳಿನ ತುದಿ ಮೇಲಿನ ಅಂಚಿನಲ್ಲಿ, ಕೆಳಗಿನ ಅಂಚಿನಲ್ಲಿ ಇಣುಕಬಹುದು.

ಈಗ ಡೆಪ್ತ್ 2 ಮಾಡಿ ನೋಡಿ. ಎಡಗಡೆಯ ತಲೆಕೆಳಗಿನ ಹೂವು ಮಾಯ. ಅಲ್ಲಿ ಫೋಟೋದ ಎಡಭಾಗದ ಹಸಿರೇ ವಾಪಸ್ ಬಂದಿದೆ. ಮತ್ತೆ 3 ಮಾಡಿದರೆ ಹೂವು ಬರುತ್ತದೆ. ಇದನ್ನು ನಾಲ್ಕೈದು ಸಲ ಹಿಂದೆ ಮುಂದೆ ಮಾಡಿದರೆ, ಸೂತ್ರ ಏನು ಮಾಡುತ್ತಿದೆ ಅಂತ ಯಾರೂ ಹೇಳಿಕೊಡದೆ ಕಣ್ಣಿಗೇ ತಿಳಿಯುತ್ತದೆ. ನಾನು ಹೊಸಬರಿಗೆ ಮೊದಲ ದಿನ ಇದನ್ನು ಬಿಟ್ಟು ಬೇರೇನೂ ಮಾಡಿಸುವುದಿಲ್ಲ.

ಮೊದಲೇ ತುಂಬಿರುವ ಸಂಖ್ಯೆಗಳಲ್ಲೇ ಮಾಡಿದರೆ ಆಗಲ್ವಾ?

ಆಗುತ್ತದೆ. ಅವು ಎಕ್ಸ್‌ಗೆ −1 ರಿಂದ 0.5, ವೈಗೆ −1 ರಿಂದ 1. ಹಾಗಿದ್ದಾಗ ಅಲುಗಾಡದೆ ಉಳಿಯುವ ಜಾಗ ಚಿತ್ರದ ಮಧ್ಯ ಅಲ್ಲ. ಎಡದಿಂದ ಅಗಲದ ಮೂರನೇ ಎರಡು ಭಾಗದಷ್ಟು ದೂರ, ಎತ್ತರದಲ್ಲಿ ಮಧ್ಯ. ಮುಖ್ಯ ವಸ್ತುವನ್ನು ಅಲ್ಲಿಡಿ. ಆಕಾರ ಸ್ವಲ್ಪ ಜಗ್ಗಿದ ಹಾಗೆ ಕಾಣುವುದನ್ನು ಒಪ್ಪಿಕೊಳ್ಳಬೇಕಾಗುತ್ತದೆ.

ಯಾವ ಥರದ ಫೋಟೋ ಚೆನ್ನಾಗಿ ಬರುತ್ತದೆ?

ಇದು ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಆದರೆ ಜನ ಇದನ್ನು ಕೊನೆಗೆ ಕೇಳುತ್ತಾರೆ. ಫಿಲ್ಟರ್ ಎಲ್ಲರ ಹತ್ತಿರವೂ ಒಂದೇ. ಚಿತ್ರ ಬೇರೆ ಬೇರೆ ಆಗುವುದು ಫೋಟೋದಿಂದ.

ಎರಡು ಮೂರು ಬಣ್ಣ ಇರುವ ಫೋಟೋ ತೆಗೆದುಕೊಳ್ಳಿ. ಸಂತೆಯ ಫೋಟೋ ಕಣ್ಣಿಗೆ ಎಷ್ಟೇ ಸೊಗಸಾಗಿದ್ದರೂ ಮಡಚಿದಾಗ ರಾಡಿಯಾಗುತ್ತದೆ. ಆಗಲೇ ತುಂಬಿದ್ದನ್ನು ಎಂಟು ಸಲ ತುಂಬಿದಂತಾಗುತ್ತದೆ. ಖಾಲಿ ಜಾಗ ಬೇಕು. ಆಕಾಶ, ಬಿಳಿ ಗೋಡೆ, ನೀರು. ಆ ಖಾಲಿಯೇ ಆಮೇಲೆ ಸುರುಳಿಗಳ ನಡುವೆ ಉಸಿರಾಡುವ ಜಾಗವಾಗುತ್ತದೆ.

ಗೆರೆ ಇರುವ ವಸ್ತುಗಳು ಅದ್ಭುತವಾಗಿ ಬರುತ್ತವೆ. ನೇರ ಗೆರೆ ಬಾಗುವುದನ್ನು ನೋಡಿದಾಗಲೇ ಮಡಿಕೆ ಕಣ್ಣಿಗೆ ಗೊತ್ತಾಗುವುದು. ಕಿಟಕಿ ಸರಳು, ಮೆಟ್ಟಿಲು, ಹಂಚಿನ ಸಾಲು, ಚಾಪೆ. ನನ್ನ ಕೈಯಲ್ಲಿ ಆದ ಅತಿ ಒಳ್ಳೇ ಚಿತ್ರ ಒಂದು ಇಳಕಲ್ ಸೀರೆಯದು. ಅವ್ವ ಮಾಳಿಗೆ ಮೇಲೆ ಹಗ್ಗಕ್ಕೆ ಒಣಹಾಕಿದ್ದಳು. ತೋಪು ತೆನಿ ಸೆರಗು, ಕೆಂಪಿನೊಳಗೆ ಬಿಳಿ ಹಲ್ಲುಗಳು ಸಾಲಾಗಿ ಕಚ್ಚಿಕೊಂಡ ಹಾಗೆ. ಹಿಂದೆ ಮಧ್ಯಾಹ್ನದ ಬಿಳುಪಾದ ಆಕಾಶ. ಮಡಚಿದಾಗ ಆ ಹಲ್ಲುಗಳ ಸಾಲು ಬಳ್ಳಿಯ ಹಾಗೆ ಬಳುಕುತ್ತಾ, ಚಿಕ್ಕದಾಗುತ್ತಾ ಒಳಗೊಳಗೆ ಹೋಯಿತು. ಪ್ರತಿ ಹಲ್ಲೂ ಚೂಪಾಗಿಯೇ ಉಳಿಯಿತು. ಅವ್ವ ಪ್ರಿಂಟ್ ನೋಡಿ, ಸೆರಗಿನ ಒಂದು ಮೂಲೆಗೆ ಬೆರಳಿಟ್ಟು, "ಇದು ನನ್ನ ಸೀರಿ ಅಲ್ಲೇನು?" ಅಂದಳು. ಹೌದವ್ವ ಅಂದೆ. ಅವಳು ಗುರುತು ಹಿಡಿದಿದ್ದು ನನಗೆ ಸಾಕಾಗಿತ್ತು. ಮಡಚಿದ ಮೇಲೂ ಅದು ಅವಳ ಸೀರೆಯಾಗಿ ಉಳಿದಿತ್ತು.

ಡೆಪ್ತ್ ಜಾಸ್ತಿ ಮಾಡಿದರೆ ಚಿತ್ರ ಇನ್ನೂ ಚೆನ್ನಾಗಿ ಆಗುತ್ತಾ?

ಇಲ್ಲ. ದಯವಿಟ್ಟು 2 ರಿಂದ 5ರೊಳಗೆ ಇರಿ.

ಪ್ರತಿ ಹೆಜ್ಜೆಗೂ ಪ್ರತಿಗಳು ಎರಡರಷ್ಟಾಗುತ್ತವೆ. 5ಕ್ಕೆ 32. 10ಕ್ಕೆ 1024. ಅಷ್ಟು ಹೂವು ಆ ಚೌಕಟ್ಟಿನಲ್ಲಿ ಹಿಡಿಯಬೇಕೆಂದರೆ ಒಂದೊಂದು ಸಾಸಿವೆ ಕಾಳಿನಷ್ಟಾಗುತ್ತದೆ. ಮುಂದೆ ಹೇಳುವ ಜೂಲಿಯಾ ಬಗೆಯಲ್ಲಾದರೆ ಒಳಗಿನ ದೊಡ್ಡ ಜಾಗಗಳಲ್ಲಿ ಇದರ ತಿರುವುಮುರುವು. ಅಲ್ಲಿ ಸೂತ್ರ ಮತ್ತೆ ಮತ್ತೆ ಓಡಿ ಒಂದೇ ಬಿಂದುವಿನ ಹತ್ತಿರ ಬಂದು ನಿಲ್ಲುತ್ತದೆ, ಇಡೀ ಜಾಗಕ್ಕೆ ಒಂದೇ ಬಣ್ಣ ಬಳಿದ ಹಾಗಾಗುತ್ತದೆ. ಅಂಚಿನಲ್ಲಿ ಮರಳು, ನಡುವೆ ಸುಣ್ಣ. ಫೋಟೋ ಎಲ್ಲಿ ಹೋಯಿತು ಅಂತ ಹುಡುಕಬೇಕು. ಡೆಪ್ತ್ 20 ಇಟ್ಟು ಮಾಡಿದ ಚಿತ್ರಗಳನ್ನು ಜನ ನನಗೆ ಕಳಿಸುತ್ತಾರೆ. ಅವುಗಳಲ್ಲಿ ಯಾರ ಫೋಟೋ ಯಾವುದು ಅಂತ ಹೇಳಲು ಬರುವುದಿಲ್ಲ. ಹಾಗಿದ್ದ ಮೇಲೆ ಫೋಟೋ ಯಾಕೆ ಬೇಕಿತ್ತು?

ಜೂಲಿಯಾ ಅಂತ ಇನ್ನೊಂದು ಆಯ್ಕೆ ಇದೆಯಲ್ಲ, ಅದೇನು?

ಮ್ಯಾಂಡೆಲ್‌ಬ್ರಾಟ್‌ನಲ್ಲಿ ಕೂಡಿಸುವ ಸಂಖ್ಯೆ ಒಂದೊಂದು ಚುಕ್ಕಿಗೂ ಬೇರೆ. ಜೂಲಿಯಾದಲ್ಲಿ ಎಲ್ಲ ಚುಕ್ಕಿಗಳಿಗೂ ಒಂದೇ, ಅದನ್ನು ನೀವೇ ಕೊಡುತ್ತೀರಿ. ಗಿಂಪ್‌ನಲ್ಲಿ ಅದಕ್ಕೆ ಎರಡು ಮನೆಗಳಿವೆ. ಕೈ ಹಾಕಿ ನೋಡಲು ನಾಲ್ಕು ಜೋಡಿ ಕೊಡುತ್ತೇನೆ: −0.8 ಮತ್ತು 0.156, −0.4 ಮತ್ತು 0.6; 0.285 ಮತ್ತು 0.01, −0.123 ಮತ್ತು 0.745. ಕೊನೆಯದನ್ನು ಗಣಿತದವರು ಮೊಲ ಅಂತ ಕರೆಯುತ್ತಾರೆ, ಕಿವಿ ಇರುವ ಹಾಗೆ ಕಾಣುವುದರಿಂದ.

ಎರಡು ಮಾತು ನೆನಪಿರಲಿ. ಕಿಟಕಿಯ ಮಧ್ಯ ಸೊನ್ನೆಯಲ್ಲಿದ್ದರೆ ಜೂಲಿಯಾ ಚಿತ್ರ ಇಸ್ಪೀಟಿನ ರಾಜ ರಾಣಿಯ ಎಲೆಯ ಹಾಗೆ. ತಲೆಕೆಳಗೆ ಹಿಡಿದರೂ ಅದೇ ಚಿತ್ರ. ಇನ್ನೊಂದು, ಸರಿಯಾಗಿ ನಡುಮಧ್ಯದ ಜಾಗ ಯಾವಾಗಲೂ ಹಿಗ್ಗಿ ಮಸುಕಾಗುತ್ತದೆ. ಡೆಪ್ತ್ ಹೆಚ್ಚಾದಷ್ಟೂ ಆ ಮಸುಕು ಹರಡುತ್ತದೆ. ಹಾಗಾಗಿ ಮ್ಯಾಂಡೆಲ್‌ಬ್ರಾಟ್‌ಗೆ ಮಧ್ಯದಲ್ಲಿಟ್ಟ ದಾಸವಾಳವನ್ನೇ ಇಲ್ಲಿಗೆ ತಂದರೆ ನಿರಾಸೆಯಾಗುತ್ತದೆ. ಜೂಲಿಯಾಗೆ ಇಡೀ ಚೌಕಟ್ಟಿನಲ್ಲಿ ಹರಡಿದ ವಸ್ತು ಒಳ್ಳೆಯದು. ಗರಿ ಬಿಚ್ಚಿದ ತೆಂಗು, ಅಂಗಳದ ರಂಗೋಲಿ.

ಚಿತ್ರದೊಳಗೆ ಅದೇ ಚಿತ್ರ, ಅದರೊಳಗೆ ಮತ್ತೆ ಅದೇ ಚಿತ್ರ ಸುರುಳಿಯಾಗಿ ಇಳಿಯುತ್ತಲ್ಲ, ಅದೂ ಇದೇನಾ?

ಅದರ ಅಣ್ಣ ಅನ್ನಿ. ಡ್ರೋಸ್ಟೆ ಪರಿಣಾಮ ಅನ್ನುತ್ತಾರೆ. ಡ್ರೋಸ್ಟೆ ಅನ್ನುವುದು ಹಾಲೆಂಡಿನ ಕೋಕೋ ಪುಡಿ. 1904ರ ಹೊತ್ತಿನ ಅದರ ಡಬ್ಬಿಯ ಮೇಲೆ ಒಬ್ಬ ದಾದಿ ತಟ್ಟೆ ಹಿಡಿದಿದ್ದಾಳೆ. ತಟ್ಟೆಯಲ್ಲಿ ಅದೇ ಡಬ್ಬಿ, ಡಬ್ಬಿ ಮೇಲೆ ಅದೇ ದಾದಿ.

ಇದನ್ನು ಸುರುಳಿಯಾಗಿ ತಿರುಚಿದವರು ಹಾಲೆಂಡಿನವರೇ ಆದ ಕಲಾವಿದ ಎಂ. ಸಿ. ಎಷರ್. 1956ರಲ್ಲಿ ಅವರು ಪ್ರಿಂಟ್ ಗ್ಯಾಲರಿ ಅನ್ನುವ ಚಿತ್ರ ಮಾಡಿದರು. ಒಬ್ಬ ಹುಡುಗ ಗ್ಯಾಲರಿಯಲ್ಲಿ ನಿಂತು ಒಂದು ಊರಿನ ಚಿತ್ರ ನೋಡುತ್ತಿದ್ದಾನೆ. ಆ ಊರು ಹಿಗ್ಗುತ್ತಾ ಬಂದು ಅವನು ನಿಂತ ಗ್ಯಾಲರಿಯೇ ಅದರೊಳಗೆ ಬಂದುಬಿಡುತ್ತದೆ. ನಡುವೆ ಒಂದು ಬಿಳಿ ಖಾಲಿ ಜಾಗ ಬಿಟ್ಟು ಅಲ್ಲಿ ಎಷರ್ ಸಹಿ ಹಾಕಿದರು. ಆ ಖಾಲಿಯಲ್ಲಿ ಏನು ಬರಬೇಕಿತ್ತು? ಲೈಡನ್ ವಿಶ್ವವಿದ್ಯಾಲಯದ ಹೆಂಡ್ರಿಕ್ ಲೆನ್‌ಸ್ಟ್ರಾ ಮತ್ತು ಬಾರ್ಟ್ ಡೆ ಸ್ಮಿಟ್ ಲೆಕ್ಕ ಹಾಕಿ 2003ರಲ್ಲಿ ಪ್ರಕಟಿಸಿದರು. ಅಲ್ಲಿ ಇಡೀ ಚಿತ್ರವೇ ಮತ್ತೆ ಬರಬೇಕು, ಸುಮಾರು 157.6 ಡಿಗ್ರಿ ತಿರುಗಿ, ಸುಮಾರು 22.6 ಪಟ್ಟು ಚಿಕ್ಕದಾಗಿ. ತಿರುಚನ್ನು ಬಿಚ್ಚಿ ನೇರ ಮಾಡಿದರೆ 256 ಪಟ್ಟು ಚಿಕ್ಕ ಪ್ರತಿ. ಎಷರ್ ಇದನ್ನು ಸಂಕೀರ್ಣ ಸಂಖ್ಯೆಗಳ ಸಹಾಯವಿಲ್ಲದೆ, ಬಾಗಿದ ಚೌಕಳಿ ಗೆರೆಗಳನ್ನು ಹಾಕಿಕೊಂಡು ಕೈಯಿಂದ ಮಾಡಿದ್ದರು. ನಾವು ಒಂದು ಬಟನ್ ಒತ್ತಿ ಅದೇ ಕೆಲಸ ಮಾಡುವಾಗ ಒಮ್ಮೆ ಅವರನ್ನು ನೆನೆಯುವುದು ನನ್ನ ರೂಢಿ.

ನೀವು ಮಾಡಬೇಕೆಂದರೆ ಜಿಮಿಕ್ ತೆರೆದು ಹುಡುಕುವ ಪಟ್ಟಿಯಲ್ಲಿ ಡ್ರೋಸ್ಟೆ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ. ಚೌಕಟ್ಟು ಇರುವ ಫೋಟೋ ಬೇಕು: ಬಾಗಿಲು, ಕನ್ನಡಿ, ಬಾವಿಯ ಬಾಯಿ, ಬಳೆ. ನಡುವಿನ ಜಾಗವನ್ನು ಅದು ಕತ್ತರಿಸಿ ಹಾಕುವುದರಿಂದ ಅಲ್ಲಿ ಮುಖ್ಯವಾದದ್ದೇನೂ ಇರಬಾರದು.

ಫೋಟೋಶಾಪ್ ಇದೆ. ಅದರಲ್ಲಿ ಹೇಗೆ?

ಡಿಸ್ಪ್ಲೇಸ್ ಫಿಲ್ಟರ್ ಬಳಸಿ. ಒಂದು ಕಪ್ಪು ಬಿಳುಪು ಫ್ರ್ಯಾಕ್ಟಲ್ ಚಿತ್ರವನ್ನು ಪಿಎಸ್‌ಡಿ ಕಡತವಾಗಿ ಇಟ್ಟುಕೊಂಡು, ಅದನ್ನು ನಕ್ಷೆಯಾಗಿ ಕೊಡಬೇಕು. ಬೂದು ಬಣ್ಣದ ಮೌಲ್ಯ 128 ಇದ್ದ ಕಡೆ ಫೋಟೋ ಅಲುಗುವುದಿಲ್ಲ. 0 ಇದ್ದ ಕಡೆ ಒಂದು ದಿಕ್ಕಿಗೆ, 255 ಇದ್ದ ಕಡೆ ಎದುರು ದಿಕ್ಕಿಗೆ ಪೂರ್ತಿ ಸರಿಯುತ್ತದೆ. ನಕ್ಷೆಯನ್ನು ಮೊದಲು ಸ್ವಲ್ಪ ಬ್ಲರ್ ಮಾಡಿ, ಇಲ್ಲದಿದ್ದರೆ ಫೋಟೋ ಹರಿದ ಹಾಗೆ ಕಾಣುತ್ತದೆ. ಇದರಲ್ಲಿ ಪ್ರತಿಗಳು ಹುಟ್ಟುವುದಿಲ್ಲ. ಕೆರೆಯ ನೀರಿನಲ್ಲಿ ಕಂಡ ನೆರಳಿನ ಹಾಗೆ ಕದಡುತ್ತದೆ ಅಷ್ಟೆ. ಮೆತ್ತಗಿನ ಚಿತ್ರ ಬೇಕೆಂದಾಗ ಚೆನ್ನ.

ಕೋಡ್ ಬರೆದು ಮಾಡಬಹುದಾ?

ಖಂಡಿತ. ಪೈಥಾನ್ ಗೊತ್ತಿದ್ದರೆ ನಮ್‌ಪೈ ಮತ್ತು ಓಪನ್‌ಸಿವಿ ಸಾಕು. ಪ್ರತಿ ಪಿಕ್ಸೆಲ್‌ಗೂ ಒಂದು ಸಂಕೀರ್ಣ ಸಂಖ್ಯೆ ಕೊಟ್ಟು, ಮೂರು ಸಲ ಸೂತ್ರ ಓಡಿಸಿ, ಬಂದ ಜಾಗಗಳನ್ನು ಓಪನ್‌ಸಿವಿಯ ರೀಮ್ಯಾಪ್‌ಗೆ ಕೊಟ್ಟರೆ ಮುಗಿಯಿತು. ಇಪ್ಪತ್ತು ಸಾಲು ದಾಟುವುದಿಲ್ಲ. ವರ್ಗದ ಬದಲು ಘನ ಹಾಕಿ ನೋಡಿ. ಎಲ್ಲವೂ ಮೂರು ಮೂರಾಗುತ್ತದೆ.

ನನ್ನ ಚಿತ್ರ ಕೆಲವು ಕಡೆ ಮಸುಕು, ಕೆಲವು ಕಡೆ ಕಾಳು ಕಾಳು. ಯಾಕೆ?

ಹಿಗ್ಗಿದ ಕಡೆ ಫೋಟೋದ ಕೆಲವೇ ಪಿಕ್ಸೆಲ್‌ಗಳನ್ನು ಎಳೆದು ಹಾಸಬೇಕು, ಅಲ್ಲಿ ಮಸುಕು. ಕುಗ್ಗಿದ ಕಡೆ ನೂರಾರು ಪಿಕ್ಸೆಲ್ ಒಂದೇ ಚುಕ್ಕಿಯಲ್ಲಿ ಹಿಡಿಯಬೇಕು, ಯಾವುದೋ ಒಂದನ್ನು ಆರಿಸಿದರೆ ಕಾಳು. ಎರಡಕ್ಕೂ ಮದ್ದು ಒಂದೇ. ಫೋಟೋವನ್ನು ಎಷ್ಟು ದೊಡ್ಡದಾಗಿ ತೆಗೆಯಬಹುದೋ ಅಷ್ಟು ದೊಡ್ಡದಾಗಿ ತೆಗೆಯಿರಿ. ಚಿತ್ರ ಎಷ್ಟು ಬೇಕೋ ಅದರ ಎರಡರಷ್ಟು ಅಳತೆಯಲ್ಲಿ ಮಡಚಿ, ಕೊನೆಗೆ ಅರ್ಧಕ್ಕೆ ಇಳಿಸಿ.

ಮೆಸೇಜಿನಲ್ಲಿ ಬಂದ ಫೋಟೋ ಬಳಸಬೇಡಿ. ಅದು ಆಗಲೇ ಹಿಂಡಿ ಚಿಕ್ಕದಾದ ಜೆಪೆಗ್. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆದು ಹಿಂಡುತ್ತದೆ. ಸಾಮಾನ್ಯವಾಗಿ ಕಣ್ಣಿಗೆ ಬೀಳದ ಆ ಚೌಕಗಳು ಹಿಗ್ಗಿದ ಕಡೆ ಎದ್ದು ಕಾಣುತ್ತವೆ. ಗೆಳೆಯರೊಬ್ಬರು ಕಳಿಸಿದ ಕೆರೆಯ ಫೋಟೋದಿಂದ ನಾನು ಎರಡು ಸಂಜೆ ಕೂತು ಚಿತ್ರ ಮಾಡಿದ್ದೆ. ಪ್ರಿಂಟ್ ಬಂದಾಗ ಆಕಾಶದ ತುಂಬ ಬಾಗಿದ ಚೌಕಳಿ. ಅವರಿಂದ ಮೂಲ ಫೋಟೋವನ್ನು ಡಾಕ್ಯುಮೆಂಟ್ ಆಗಿ ತರಿಸಿಕೊಂಡು ಎಲ್ಲ ಮೊದಲಿಂದ ಮಾಡಬೇಕಾಯಿತು.

ಮೊಬೈಲಿನಲ್ಲೇ ಮಾಡಬಹುದಾ?

ಕನ್ನಡಿ ಬಿಂಬ, ಕೆಲಿಡೋಸ್ಕೋಪ್ ಥರದ ಆ್ಯಪ್‌ಗಳು ಬೇಕಾದಷ್ಟಿವೆ, ಕೈ ಪಳಗಿಸಲು ಒಳ್ಳೆಯದು. ಸಂಖ್ಯೆ ಹಿಡಿದು ಕೆಲಸ ಮಾಡಬೇಕೆಂದರೆ ಕಂಪ್ಯೂಟರ್ ಬೇಕು. ಹಳೇ ಲ್ಯಾಪ್‌ಟಾಪ್ ಆದರೂ ಸರಿ.

ಮುಖದ ಫೋಟೋ, ದೇವರ ಫೋಟೋ ಬಳಸಬಹುದಾ?

ಮುಖ ಚೆನ್ನಾಗಿ ಬರುತ್ತದೆ, ಅದೇ ಅಪಾಯ. ಸಣ್ಣ ಪ್ರತಿಗಳಲ್ಲಿ ಮುಖ ಪೂರ್ತಿ ಗುರುತು ಸಿಗುತ್ತದೆ. ಆದರೆ ಒಂದು ಎರಡಾಗುವ ಆ ಬಿಂದು ಕಣ್ಣಿನ ಮೇಲೋ ಬಾಯಿಯ ಮೇಲೋ ಬಿದ್ದರೆ ನೋಡಿದವರ ಎದೆ ಝಲ್ಲೆನ್ನುತ್ತದೆ. ಅವರನ್ನು ಕೇಳಿ ಮಾಡಿ, ಮಾಡಿದ ಮೇಲೆ ತೋರಿಸಿ, ಬೇಡ ಅಂದರೆ ಅಳಿಸಿ. ಮಕ್ಕಳ ಫೋಟೋ ಆದರೆ ತಂದೆ ತಾಯಿಯನ್ನು ಕೇಳಿ. ಬೆನ್ನು ತಿರುಗಿಸಿ ನಿಂತವರು, ಕೈಗಳು, ಜಡೆ, ಇವುಗಳಲ್ಲಿ ಈ ತೊಂದರೆ ಇಲ್ಲ. ಜಡೆಯಂತೂ ಈ ಮಡಿಕೆಗೆಂದೇ ಹೆಣೆದ ಹಾಗಿರುತ್ತದೆ.

ದೇವರ ಮೂರ್ತಿಯ ಮುಖವನ್ನು ನಾನು ಮಡಚುವುದಿಲ್ಲ. ಅದನ್ನು ನೋಡಿ ನೋಯುವವರು ನಮ್ಮ ಓಣಿಯಲ್ಲೇ ಇದ್ದಾರೆ. ಗುಡಿಯ ಕಂಬ, ಹಣತೆಯ ಸಾಲು, ಹೂವಿನ ಸರ ಬೇಕಾದಷ್ಟಿವೆ.

ಇದು ಎಐ ಚಿತ್ರ ಅಲ್ವಾ?

ಅಲ್ಲ. ಇಲ್ಲಿ ಯಾವ ಯಂತ್ರವೂ ಬೇರೆಯವರ ಚಿತ್ರ ನೋಡಿ ಕಲಿತಿಲ್ಲ. ಒಂದೇ ಫೋಟೋ, ಒಂದೇ ಸಂಖ್ಯೆಗಳು ಕೊಟ್ಟರೆ ಇವತ್ತೂ ನಾಳೆಯೂ ಅದೇ ಚಿತ್ರ. 2015ರಲ್ಲಿ ಗೂಗಲ್‌ನ ಡೀಪ್‌ಡ್ರೀಮ್ ಅನ್ನುವ ಎಐ ಪ್ರೋಗ್ರಾಂ ಬಂದಾಗ ಅದರಲ್ಲೂ ಆಕಾರದೊಳಗೆ ಆಕಾರ ಕಾಣುತ್ತಿದ್ದರಿಂದ ಜನ ಎರಡನ್ನೂ ಸೇರಿಸಿ ಮಾತಾಡಿದರು. ಅದು ನ್ಯೂರಲ್ ನೆಟ್‌ವರ್ಕ್, ಇದು ಗುಣಾಕಾರ ಮತ್ತು ಸಂಕಲನ.

ಇಂಟರ್ನೆಟ್‌ನಲ್ಲಿ ಸಿಕ್ಕ ಫೋಟೋ ತೆಗೆದುಕೊಳ್ಳಲಾ? ಗುರುತೇ ಸಿಗದ ಹಾಗೆ ಬದಲಾಗುತ್ತಲ್ಲ?

ಬೇಡ. ಮಡಚಿದ ಮಾತ್ರಕ್ಕೆ ಅದು ನಿಮ್ಮದಾಗುವುದಿಲ್ಲ. ಭಾರತದ 1957ರ ಕಾಪಿರೈಟ್ ಕಾಯ್ದೆಗೆ 2012ರಲ್ಲಿ ಆದ ತಿದ್ದುಪಡಿ ಪ್ರಕಾರ ಫೋಟೋದ ಹಕ್ಕು ತೆಗೆದವರು ಬದುಕಿರುವವರೆಗೂ, ಅವರು ತೀರಿಕೊಂಡ ಮುಂದಿನ ವರ್ಷದಿಂದ ಇನ್ನೂ 60 ವರ್ಷವೂ ಇರುತ್ತದೆ. ಕ್ರಿಯೇಟಿವ್ ಕಾಮನ್ಸ್ ಪರವಾನಗಿ ಇರುವ ಫೋಟೋ ಬಳಸಬಹುದು, ಆದರೆ ಷರತ್ತು ಓದಿ. ಬದಲಾವಣೆ ಮಾಡಬಾರದು ಅನ್ನುವ ಬಗೆಯೂ ಅದರಲ್ಲಿದೆ. ತೆಗೆದವರ ಹೆಸರು ಹಾಕಿ. ಗಿಂಪ್‌ನಲ್ಲಿ ಮಾಡಿದ್ದೀರೆಂದು ಗಿಂಪ್‌ನವರಿಗೆ ಏನೂ ಕೊಡಬೇಕಿಲ್ಲ. ಸೂತ್ರ ಯಾರ ಸ್ವತ್ತೂ ಅಲ್ಲ.

ನಿಜ ಹೇಳಬೇಕೆಂದರೆ ಸ್ವಂತ ಫೋಟೋದಲ್ಲಿ ಸಿಗುವ ಖುಷಿ ಬೇರೆಯವರದರಲ್ಲಿ ಸಿಗುವುದಿಲ್ಲ. ಆ ಸುರುಳಿಯ ತುದಿಯಲ್ಲಿರುವುದು ನಮ್ಮ ಹಿತ್ತಲ ಗಿಡ ಅಂತ ಗೊತ್ತಿದ್ದಾಗ ಕೆಲಸ ಬೇರೆಯೇ.

ಪ್ರಿಂಟ್ ಮಾಡಿಸಬೇಕು. ಏನು ನೋಡಿಕೊಳ್ಳಬೇಕು?

ಎ3 ಹಾಳೆಗೆ 300 ಡಿಪಿಐ ಲೆಕ್ಕದಲ್ಲಿ 3508×4961 ಪಿಕ್ಸೆಲ್ ಬೇಕು. ಪಿಎನ್‌ಜಿ ಅಥವಾ ಟಿಫ್ ಕೊಡಿ. ಮ್ಯಾಟ್ ಕಾಗದ ಒಳ್ಳೆಯದು, ಹೊಳೆಯುವ ಕಾಗದದಲ್ಲಿ ಸಣ್ಣ ಪ್ರತಿಗಳು ಬೆಳಕಿಗೆ ಕಾಣುವುದಿಲ್ಲ. ಪರದೆಯ ಮೇಲಿನ ಕೆಂಪು ಕಾಗದದಲ್ಲಿ ಸ್ವಲ್ಪ ಮಂಕಾಗುವುದು ಸಹಜ. ಮೊದಲು ಒಂದು ಚಿಕ್ಕ ತುಣುಕು ತೆಗೆಸಿ ನೋಡಿ.

ಒಂದು ಚಿತ್ರ ಚೆನ್ನಾಗಿ ಬಂತು. ಆಮೇಲೆ ಮತ್ತೆ ಹಾಗೇ ಮಾಡಲು ಆಗುತ್ತಿಲ್ಲ!

ಸಂಖ್ಯೆಗಳನ್ನು ಬರೆದಿಡಲಿಲ್ಲ, ಅಲ್ವಾ? ಗಿಂಪ್ 3ರಲ್ಲಿ ಅದರದ್ದೇ ಬಗೆಯ ಎಕ್ಸ್‌ಸಿಎಫ್ ಕಡತವಾಗಿ ಉಳಿಸಿದರೆ ಫಿಲ್ಟರ್ ಸಂಖ್ಯೆಗಳ ಸಮೇತ ಇರುತ್ತದೆ. ಆದರೂ ನಾನು ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಪ್ರಿಂಟಿನ ಹಿಂದೆಯೂ ಪೆನ್ಸಿಲ್‌ನಲ್ಲಿ ಬರೆಯುತ್ತೇನೆ. ಇಳಕಲ್ ಸೀರೆಯ ಹಿಂದೆ ಇರುವುದು ಇಷ್ಟು: ಅವ್ವನ ಸೀರೆ, ಮಾಳಿಗೆ, ಮಧ್ಯಾಹ್ನ. ಮ್ಯಾಂಡೆಲ್‌ಬ್ರಾಟ್. ಎಕ್ಸ್ −1.5 ರಿಂದ 1.5, ವೈ −1 ರಿಂದ 1. ಡೆಪ್ತ್ 3. ಹೊರಗೆ ಬಿಳಿ.